ಎಡಗಾಲಿನ ಕತ್ತು ಹಿಡಿದ ಕಥೆ

ಡ್ರಮ್ ಬಾರಿಸುವ ತಂಗಿ ಗುಡುಗಮ್ಮನವರ ಪಾದಾರವಿಂದಗಳಿಗೆ, ಅದರಲ್ಲೂ ಎಡಗಾಲಿಗೆ, ಅಣ್ಣನ ನಮಸ್ಕಾರಗಳು.

ಯಾರ ಒತ್ತಾಯಕ್ಕೂ ಒಳಗಾಗದೆ, ಸ್ವಸ್ಥಬುದ್ಧಿಯಿಂದ ಈ ಅಪರಾಧಿ ಒಪ್ಪಿಕೊಳ್ಳುವುದೇನೆಂದರೆ, ನೀನು ಮುನಿಸಿಕೊಂಡು ಚಿಕ್ಕಮ್ಮನ ಮನೆಗೆ ಹೋದ ಮೇಲೆ ನಿನ್ನ ಹಾಸಿಗೆಯನ್ನು ಕದ್ದು ಉಗ್ರಾಣದ ಬಾಗಿಲಿಗೆ ಬಿಗಿದಿದ್ದೇನೆ. ನಿಮ್ಮ ಬ್ಯಾಂಡಿನ ವಾದ್ಯಗಳನ್ನೆಲ್ಲ ಹದವಾಗಿ ಬೆರೆಸಿ ಹಾಡು ಮಿಕ್ಸ್ ಮಾಡುವಾಗ ಸದ್ದು ಹೊರಗೆ ಹೋಗಬಾರದಲ್ಲ. ಈಗ ಸದ್ದು ಹೋಗುವುದಿಲ್ಲ, ಗಾಳಿ ಬರುವುದಿಲ್ಲ. ನೆಂಟರು ಬಂದರೆ ಅಮ್ಮ ಹೊರಗಿನಿಂದ ಚಿಲಕ ಹಾಕಿ, "ಒಳಗೆ ಮಿಕ್ಸಿ ರಿಪೇರಿಯವ್ರಿದಾರೆ" ಎನ್ನುತ್ತಾಳೆ.

ಅಂದು ಗಿಟಾರಿನ ಜಡೆಯಣ್ಣ, "ನಿನ್ ತಂಗಿ ಎಡಗಾಲು ಕೇಳ್ಸೋದೇ ಇಲ್ಲ ಕಣೋ. ಅವಳ ಡ್ರಮ್ ಬದ್ಲು ಮಷೀನ್ ಏಟು ಹಾಕ್ಬಿಡೋಣ" ಅಂದಾಗ ನಾನೂ ತಲೆಯಾಡಿಸಿದ್ದೆ. ನೀನು ಕಾಲಲ್ಲಿ ಬಾರಿಸುವ ಕಿಕ್ ಡ್ರಮ್ಮಿನ ಪೆಡಲನ್ನು ಚೀಲಕ್ಕೆ ತುರುಕುತ್ತಾ, "ಇದೇ ಕಾಲಲ್ಲಿ ಒದ್ದಾಗ ಅಮ್ಮನ ಹತ್ರ ಅಳ್ತಾ ಹೋಗ್ತಿದ್ದೋನು ಯಾರಣ್ಣ?" ಅಂದೆ. ಆ ಮಾತು ಒದೆಗಿಂತ ಜೋರಾಗಿ ಬಿತ್ತು. ನೀನು ಹೊರಟ ಮೇಲೆ, ಒಂದು ವಾರ ಕೊಡು, ಕಂಪ್ರೆಸರ್ ಹಾಕಿ ಅವಳ ಕಾಲನ್ನೇ ಉಳಿಸುತ್ತೇನೆ ಎಂದು ಜಡೆಯಣ್ಣನ ಕಾಲು ಹಿಡಿದೆ.

ಜೋರಾದ ಏಟನ್ನು ಅದುಮಿ, ಮೆಲ್ಲನೆಯದನ್ನು ಅದರ ಸಮಕ್ಕೆ ಎತ್ತುವುದೇ ಈ ಕಂಪ್ರೆಸರಿನ ಕೆಲಸ. ಆದರೆ ಕೂಡಲೇ ಅದುಮಬಾರದು. ಏಟಿನ 'ಟಕ್' ಅನ್ನುವ ತಲೆ ಹೊರಬರಲು ಬಿಟ್ಟು, ಆಮೇಲೆ ಕತ್ತು ಹಿಡಿಯಬೇಕು. ಮುಂದಿನ ಏಟು ಬರುವ ಮುಂಚೆ ಬಿಟ್ಟುಬಿಡಬೇಕು. ನೀನೋ ಎರಡೂ ಕಾಲಲ್ಲಿ ಸುರಿಮಳೆ ಸುರಿಸುತ್ತೀಯ. ಬಿಡಲು ಪುರಸೊತ್ತೆಲ್ಲಿ? ಹಿಡಿದ ಕತ್ತು ಹಿಡಿದಂತೆಯೇ. ಹಾಡಿನ ಅದೇ ತುಣುಕು ತಿರುಗಿ ತಿರುಗಿ ಬಂದು, ಆ ಕತ್ತು ನನ್ನದೇ ಅನ್ನಿಸತೊಡಗಿತು. ಹಲ್ಲುಜ್ಜುವಾಗಲೂ ಧಡಧಡ. ನಾಲ್ಕು ಗೋಡೆ, ಒಂದು ಹಾಸಿಗೆ, ನಿನ್ನ ಎರಡು ಕಾಲು. ಹೊರಗೆ ಹೋಗಲು ದಾರಿಯಿಲ್ಲ. ಕಂಪ್ರೆಸರಿನ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುವುದು, ಕಣ್ಣು ಮುಚ್ಚಿ "ಆಹಾ, ಈಗ ಬಂತು" ಅನ್ನುವುದು, ಮತ್ತೆ ತಿರುಗಿಸುವುದು.

ನಿನ್ನೆ ಜಡೆಯಣ್ಣ ಬಂದು ಹಾಡು ಕೇಳಿದ. ಜಡೆ ಬಿಚ್ಚಿ ತಲೆ ಕುಣಿಸಿದ. "ಕಾಲು ಅಂದ್ರೆ ಇದಪ್ಪ. ಮಷೀನ್ ಬೇಡ, ಅವಳನ್ನೇ ಕರ್ಸು. ಉಳಿದ ಹಾಡಿಗೂ ಇದೇ ಮಾಡು" ಅಂದ. ನಾನು ಕಾಲರ್ ಏರಿಸಿ, "ಕಂಪ್ರೆಷನ್ ಅಂದ್ರೆ ಸುಮ್ನೇನಾ, ಕಿವಿ ಬೇಕು" ಅಂದೆ. ನಿನ್ನ ಕಾಲನ್ನು ಉಳಿಸಿದ ಕೈ ಇದು, ನೆನಪಿರಲಿ. ಪೆಡಲ್ ತಗೊಂಡು ಬಾ.

ಇನ್ನೊಂದು ಮಾತು. ಅವನು ಹೋದ ಮೇಲೆ ನೋಡಿದರೆ ಕಂಪ್ರೆಸರಿನ ಸ್ವಿಚ್ಚೇ ಹಾಕಿರಲಿಲ್ಲ. ಇಡೀ ವಾರ. ನಾನು ಮಾಡಿದ್ದಿಷ್ಟೇ, ನಿನ್ನ ಕಾಲು ಕೇಳಿಸಲೆಂದು ಜಡೆಯಣ್ಣನ ಗಿಟಾರಿನ ಸದ್ದನ್ನು ತುಸು ತಗ್ಗಿಸಿದ್ದೆ. ಅದನ್ನು ಅವನಿಗೆ ಹೇಳುವ ಹಾಗಿಲ್ಲ, ಹೇಳದಿದ್ದರೆ ಉಳಿದ ಹಾಡುಗಳಿಗೆ ಏನು ಮಾಡಲೋ ತಿಳಿಯದು.

ನಿನ್ನ ಎಡಗಾಲು ನೂರು ಕಾಲ ಬಾಳಲಿ. ಬಂದವಳೇ ಮೊದಲು ಹೊರಗಿನ ಚಿಲಕ ತೆಗಿ. ಅಮ್ಮ ಹಾಕಿ ಮರೆತಿದ್ದಾಳೆ.

ಇಂತಿ,
ಏನೂ ಮಾಡದೆ ನಿನ್ನನ್ನು ಉಳಿಸಿದ
ಅಣ್ಣ