ದೊರೆಗಳು ಬಿಟ್ಟುಹೋದ ಗಿಳಿ

ಬ್ಲಫ್, ಮಳವಳ್ಳಿ ತಾಲ್ಲೂಕು
ಗುರುವಾರ, ೧೪-೧೧-೧೯೪೬

ಚಿರಂಜೀವಿ ಪಂಕಜಳಿಗೆ ಅಮ್ಮನ ತುಂಬು ಆಶೀರ್ವಾದ.

ಮೊದಲು ನಿನ್ನ ಮೈ ಹೇಗಿದೆ, ಅದನ್ನು ಹೇಳು. ವಾರ್ಡಿನಲ್ಲಿ ನಿಂತು ನಿಂತು ಕಾಲು ಬಾತುಕೊಳ್ಳುತ್ತದೆ ಎಂದು ಹೋದ ಸಲ ಬರೆದಿದ್ದೆ. ಈ ಸಲ ಅದರ ಸುದ್ದಿಯೇ ಇಲ್ಲ. ವಾಸಿಯಾಯಿತೋ, ಇಲ್ಲ ಅಮ್ಮ ಹೆದರುತ್ತಾಳೆ ಎಂದು ಮುಚ್ಚಿಟ್ಟೆಯೋ? ಊರವರ ಕಾಲನ್ನೆಲ್ಲ ನೋಡುವವಳಿಗೆ ತನ್ನ ಕಾಲನ್ನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಇಟ್ಟುಕೊಳ್ಳಲು ಪುರುಸೊತ್ತಿಲ್ಲ ಎಂದರೆ ನಾನು ನಂಬುವವಳಲ್ಲ. ವಾರಕ್ಕೊಮ್ಮೆ ತಲೆಗೆ ಎಣ್ಣೆ ಇಡು. ಇಲ್ಲಿ ನಾನು ಚೆನ್ನಾಗಿದ್ದೇನೆ. ನಿಮ್ಮ ತಂದೆಯವರೂ ಚೆನ್ನಾಗಿದ್ದಾರೆ. ಪವರ್ ಹೌಸಿನ ಸ್ಟೋರಿನಲ್ಲಿ ಬೋಲ್ಟು ನಟ್ಟುಗಳ ಪಟ್ಟಿ ಬರೆದು ಬರೆದು ಕನ್ನಡಕ ಇನ್ನಷ್ಟು ದಪ್ಪವಾಗಿದೆ, ಅಷ್ಟೇ.

ನಿನ್ನ ಕಾಗದ ಎಂದಿನಂತೆ ಪಕ್ಕದ ಲೈನಿನ ದೇವಿರಮ್ಮನ ಮನೆಗೇ ಬಂತು. ಅವಳು ಅದನ್ನು ಮೊರದಲ್ಲಿ ಸೊಪ್ಪಿನ ಕೆಳಗೆ ಇಟ್ಟುಕೊಂಡು ಹಿತ್ತಿಲ ಬಾಗಿಲಿಗೆ ಬಂದು, "ಮೊದ್ಲು ಕಾಗ್ದ ಓದ್ಕಳಿ ಅಮ್ಮೋರೆ, ಸೊಪ್ಪೇನು ಓಡೋಗಾಕಿಲ್ಲ" ಎಂದಳು. ಓದಿದೆ. ನರ್ಸ್ ಪರೀಕ್ಷೆ ಪಾಸಾಗಿದ್ದಕ್ಕೆ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಮದರಾಸಿನ ಆಸ್ಪತ್ರೆಯಲ್ಲಿ ಕೆಲಸ, ಬರುವ ತಿಂಗಳ ಎರಡನೆಯ ತಾರೀಖು ಪ್ರಯಾಣ ಎಂಬಲ್ಲಿಗೆ ಬಂದಾಗ ಅಷ್ಟು ದೂರವೇ ಎನಿಸಿತು. ಅದರ ಕೆಳಗೆ "ಹೋಗುವ ಮುಂಚೆ ಒಂದು ದಿನ ಮನೆಗೆ ಬರಲೇ ಅಮ್ಮಾ?" ಎಂದು ಕೇಳಿದ್ದೀಯೆ. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಉತ್ತರವನ್ನು ಕೊನೆಗೆ ಬರೆಯುತ್ತೇನೆ. ಈಗಲೇ ಬರೆದುಬಿಟ್ಟರೆ ಆಮೇಲೆ ಕೈ ಓಡುವುದಿಲ್ಲ.

ಮನೆಗೆ ಹೊಸಬರೊಬ್ಬರು ಬಂದಿದ್ದಾರೆ, ಕೇಳು. ನೀನು ಹೋದ ಮೇಲೆ ಇಲ್ಲಿಗೆ ಬಂದಿದ್ದ ಎಂಜಿನಿಯರ್ ದೊರೆಗಳು ಆಷಾಢದಲ್ಲಿ ತಮ್ಮ ದೇಶಕ್ಕೆ ಹೊರಟುಹೋದರು. ಅವರ ಹತ್ತಿರ ಒಂದು ಗಿಳಿಯಿತ್ತು. ನಮ್ಮ ಮಾವಿನ ಮರದ ಗಿಳಿಯಲ್ಲ. ಅಮೆಜಾನ್ ಎಂಬ ನದಿಯ ಕಾಡಿನದಂತೆ, ಗಾತ್ರದಲ್ಲಿ ಕೋಳಿಮರಿಯನ್ನು ಮೀರಿಸುತ್ತದೆ. ಕೊರಳಿಗೆ ಕೆಂಪು ಪಟ್ಟಿ ಇಲ್ಲ, ಬಾಲ ಮೋಟು, ಕತ್ತಿನ ಹಿಂದೆ ಅರಿಸಿನ ಬಳಿದ ಹಾಗೆ ಹಳದಿ. ಹಡಗಿನಲ್ಲಿ ಅದಕ್ಕೆ ಅಪ್ಪಣೆ ಸಿಗಲಿಲ್ಲವೆಂದು ಬಟ್ಲರ್ ಕೆಂಪಯ್ಯ ಪಂಜರವನ್ನು ತಲೆಯ ಮೇಲೆ ಹೊತ್ತು ತಂದು ನಮ್ಮ ಜಗಲಿಯ ಮೇಲಿಟ್ಟ. "ದೊರೆ ಇದ್ನ ಸ್ವಾಮ್ಯೋರ್ಗೇ ಕೊಡು ಅಂದ್ಬುಟ್ಟು ಒಂಟೋದ್ರು ಕಣಮ್ಮ. ಎಲ್ಡ್ ದಿನಾಯ್ತು, ಒಂದು ಕಾಳೂ ಮುಟ್ಟಿಲ್ಲ" ಎಂದ. ನೋಡಿದರೆ ಎದೆಯ ಪುಕ್ಕವನ್ನೆಲ್ಲ ತಾನೇ ಕಿತ್ತುಕೊಂಡು ಬರಿಮೈ ಮಾಡಿಕೊಂಡು ಮೂಲೆಗೆ ಮುಖ ಮಾಡಿ ಕೂತಿದೆ. ನೀನು ಹೋದ ಹೊಸದರಲ್ಲಿ ನಾನೂ ಹೀಗೇ ಇದ್ದೆ, ಪುಕ್ಕವಿರಲಿಲ್ಲ ಅಷ್ಟೇ. ಬೇಡ ಎನ್ನಲು ಬಾಯಿ ಬರಲಿಲ್ಲ.

ಗಿಳಿಯೆಂದರೆ ಗಿಳಿ ಎಂದು ನಾನು ಹಸಿಮೆಣಸಿನಕಾಯಿ, ನೆನೆಸಿದ ಕಡಲೆ ಇಟ್ಟೆ. ಎಲ್ಲವನ್ನೂ ಎತ್ತಿ ನೆಲಕ್ಕೆ ಒಗೆಯಿತು. ಕೈ ಹಾಕಿದ್ದಕ್ಕೆ ಬೆರಳು ಕಚ್ಚಿ ರಕ್ತ ಬರಿಸಿತು. ಕೆಂಪಯ್ಯನನ್ನು ಕೇಳಿದರೆ, "ಒಂಟಿಯಾಗಿ ತಿನ್ನಾಕಿಲ್ಲ ಅಮ್ಮೋರೆ, ಜತೆಲಿ ಒಬ್ರು ತಿನ್ನಬೇಕು" ಎಂದ. ದೊರೆಗಳು ತಮ್ಮ ಊಟದ ಮೇಜಿನ ಮೇಲೇ ಕೂರಿಸಿಕೊಂಡು ತಾವು ತಿಂದದ್ದರಲ್ಲಿ ಪಾಲು ಕೊಡುತ್ತಿದ್ದರಂತೆ. ನಿಮ್ಮ ತಂದೆಯವರ ಊಟ ಮುಗಿದ ಮೇಲೆ ನಾನು ಅಡಿಗೆಮನೆಯಲ್ಲಿ ಒಬ್ಬಳೇ ಕೂತು ಉಣ್ಣುವುದಲ್ಲವೇ? ಪಂಜರವನ್ನು ಅಲ್ಲಿಗೇ ಒಯ್ದೆ. ನಾನೊಂದು ತುತ್ತು, ಅದಕ್ಕೊಂದು ಚೂರು ಪರಂಗಿಹಣ್ಣು. ಮೂರನೆಯ ದಿನಕ್ಕೆ ಕಾಲಿನಲ್ಲಿ ಹಣ್ಣನ್ನು ಹಿಡಿದುಕೊಂಡು ತಿಂದಿತು. ಮೊದಲು ನಾವಿಬ್ಬರೂ ಹಾಗೆ ಕೂತು ಹುಳಿಯನ್ನಕ್ಕೆ ಕಿತ್ತಾಡುತ್ತಿದ್ದೆವಲ್ಲ ಪಂಕೂ, ಆಮೇಲೆ ಮೂರು ವರ್ಷ ನಾನು ಯಾರ ಜೊತೆಯೂ ಉಂಡಿರಲಿಲ್ಲ. ಅವತ್ತು ಅಳು ಬಂದುಬಿಟ್ಟಿತು.

ಮಾತು ಮಾತ್ರ ಇಂಗ್ಲಿಷು. ಅದೂ ಹೇಗೆ? ಥೇಟ್ ದೊರೆಗಳದೇ ದನಿ, ಮೂಗಿನಿಂದ ಬರುವ ಗುರುಗುರು ಸಮೇತ. ಒಂದು ಭಾನುವಾರ ನಿಮ್ಮ ತಂದೆಯವರು ಎಲೆಯ ಮುಂದೆ ಕೂತು ಸಾರನ್ನ ಕಲೆಸುತ್ತಿದ್ದಾರೆ, ಹಿಂದಿನಿಂದ "ಗುಡ್ ಮಾರ್ನಿಂಗ್!" ಎಂದು ಗುಡುಗಿತು. ಇವರು ಎಂಜಲು ಕೈಯಲ್ಲೇ ದಡಬಡ ಎದ್ದು ನಿಂತು "ಗುಡ್ ಮಾರ್ನಿಂಗ್ ಸರ್" ಎಂದುಬಿಟ್ಟರು! ನಾನು ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಿಲಿಗೆ ಓಡಿದೆ. ನೀನಿದ್ದಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು. ಅವರು ಆ ದಿನವೆಲ್ಲ ನನ್ನ ಜೊತೆ ಮಾತಾಡಲಿಲ್ಲ.

ಮಾತಾಡದಿರುವುದು ಅವರಿಗೆ ಹೊಸದೇನಲ್ಲ, ನಿನಗೂ ಗೊತ್ತು. ಮಳವಳ್ಳಿಯವರ ಜೊತೆ ತಾಂಬೂಲ ಬದಲಾಯಿಸಿದ ಒಂಬತ್ತನೆಯ ದಿನ ನೀನು ಸಣ್ಣ ಟ್ರಂಕು ಹಿಡಿದು ನರ್ಸ್ ತರಬೇತಿಗೆಂದು ಮೈಸೂರಿನ ಬಸ್ಸು ಹತ್ತಿದೆ. ಅವತ್ತು ಸಂಜೆ ಅವರು "ಇನ್ನು ಮೇಲೆ ಈ ಮನೇಲಿ ಅವಳ ಹೆಸರು ಕೇಳಿಸಕೂಡದು" ಎಂದರು. ಕೇಳಿಸಿಲ್ಲ. ನೀನು ಮಾಡಿದ್ದು ತಪ್ಪು ಎಂದು ನಾನು ಹೇಳುತ್ತಿಲ್ಲ ಮಗಳೇ, ಆದರೆ ಕೊಟ್ಟ ಮಾತು ಹೋಯಿತೆಂದು ಅವರು ಈಗಲೂ ಮಳವಳ್ಳಿಯ ಪೇಟೆಗೆ ಕಾಲಿಡುವುದಿಲ್ಲ, ಸಾಮಾನಿಗೆ ಕೊಳ್ಳೇಗಾಲಕ್ಕೆ ಹೋಗುತ್ತಾರೆ. ನಿನ್ನನ್ನು ಕಂಡರೆ ಪ್ರಾಣ ಬಿಡುತ್ತಿದ್ದ ಮನುಷ್ಯ. ನೀನು ಸ್ಕೂಲಿನಿಂದ ಬಂದು ಗೇಟು ತೆಗೆದರೆ ಸಾಕು, ಪೇಪರಿನಿಂದ ತಲೆ ಎತ್ತದೆ, ಒಂದು ಸಲ ಕೆಮ್ಮಿ, "ಪಂಕೂ, ಬಂದ್ಯೇನಮ್ಮಾ?" ಎನ್ನುತ್ತಿದ್ದರಲ್ಲ. ಆ ಗೇಟಿಗೆ ಎಷ್ಟು ಎಣ್ಣೆ ಬಿಟ್ಟರೂ ಇನ್ನೂ ಹಾಗೇ ಕಿರುಗುಟ್ಟುತ್ತದೆ. ಈಗ ಸದ್ದಾದರೆ ತಲೆ ಎತ್ತುತ್ತಾರೆ, ನೋಡುತ್ತಾರೆ, ಮತ್ತೆ ಪೇಪರು.

ಹೆಸರು ಹೇಳಬಾರದ ಮನೆಯಲ್ಲಿ ನನಗೆ ಹೇಳಿಕೊಳ್ಳಲು ಸಿಕ್ಕಿದ್ದು ಈ ಗಿಳಿ. ಉಣ್ಣುವಾಗ ಅದಕ್ಕೆ ನಿನ್ನ ಸುದ್ದಿಯೇ. ನಮ್ಮ ಪಂಕೂಗೆ ಹುಳಿಯನ್ನ ಇಷ್ಟ, ನಮ್ಮ ಪಂಕೂಗೆ ಜ್ವರ ಬಂದಾಗ ಹೀಗಾಯಿತು, ಹೀಗೆ. ಭಾದ್ರಪದದಲ್ಲಿ ಒಂದು ದಿನ ಅವರು ಮಜ್ಜಿಗೆ ಕಲೆಸಿಕೊಳ್ಳುತ್ತಿರುವಾಗ ಅದು ನನ್ನದೇ ದನಿಯಲ್ಲಿ, ನನ್ನದೇ ಎಳೆತದಲ್ಲಿ, "ಪಂಕೂ, ನಮ್ಮ ಪಂಕೂ" ಎಂದುಬಿಟ್ಟಿತು. ಅವರು ಎಲೆಯಲ್ಲಿ ಅನ್ನ ಬಿಟ್ಟು ಎದ್ದರು.

ಅದೇ ವಾರ ಶುಕ್ರವಾರ ಇನ್ನೊಂದು ಎಡವಟ್ಟು. ಮನಸ್ಸು ಸರಿಯಿಲ್ಲವೆಂದು ದೇವರಿಗೆ ಸಾಂಬ್ರಾಣಿ ಸ್ವಲ್ಪ ಹೆಚ್ಚಾಗಿಯೇ ಹಾಕಿದೆ. ಗಿಳಿ ಕೊಕ್ಕು ತೆರೆದು ಬಾಲ ಕುಣಿಸುತ್ತ ಏದುಸಿರು ಬಿಡತೊಡಗಿತು. ಯಾರ ಕಣ್ಣು ಬಿತ್ತೋ ಎಂದು ನಾನು ಉಪ್ಪು, ಒಣಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದೆ! ಘಾಟು ಎದ್ದಿತು, ಗಿಳಿ ಪಂಜರದ ತಳಕ್ಕೆ ಬಿತ್ತು. ಮೊಸರು ತಂದಿದ್ದ ಕೆಂಪಯ್ಯ ಹಿತ್ತಿಲ ಬಾಗಿಲಿನಿಂದ ನುಗ್ಗಿ ಪಂಜರವನ್ನು ಬಯಲಿಗೆ ಎತ್ತಿಕೊಂಡು ಓಡಿದ. "ಏನ್ ಮಾಡ್ಬುಟ್ರಿ ಅಮ್ಮೋರೆ! ಇದ್ಕೆ ಒಗೆ ಆಗಾಕಿಲ್ಲ. ದೊರೆ ಚುಟ್ಟ ಸೇದಾಕೂ ಈಚೆಗೆ ಓಗೋರು" ಎಂದು ನನಗೇ ಬೈದ. ಬೈಸಿಕೊಂಡೆ. ಗಾಳಿಯಲ್ಲಿ ಅರ್ಧ ಗಂಟೆ ಇಟ್ಟ ಮೇಲೆ ಕಣ್ಣು ಬಿಟ್ಟಿತು. ಇನ್ನೊಂದು ಜೀವವನ್ನೂ ನಾನೇ ಕಳೆದುಕೊಳ್ಳುತ್ತಿದ್ದೆ.

ನಿಮ್ಮ ತಂದೆಯವರು ಬಂದು ಎಲ್ಲ ಕೇಳಿ, "ಇನ್ನು ಅದು ಅಡಿಗೆಮನೇಲಿ ಬೇಡ, ಪಡಸಾಲೇಲಿರಲಿ" ಎಂದು ತಾವೇ ಎತ್ತಿಕೊಂಡು ಹೋಗಿ ತಮ್ಮ ಕುರ್ಚಿಯ ಪಕ್ಕ ಕಿಟಕಿಗೆ ತೂಗುಹಾಕಿದರು. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೊಗೆ ಒಂದು ನೆವ, ನಿನ್ನ ಹೆಸರನ್ನು ಅದರ ಬಾಯಿಂದಲೂ ಬಿಡಿಸಬೇಕೆಂದೇ ಹೀಗೆ ಮಾಡಿದರು ಎಂದುಕೊಂಡೆ. ಈಗ ಅದು ಅವರ ಗಿಳಿ. ಒಂಟಿಯಾಗಿ ತಿನ್ನುವುದಿಲ್ಲವಲ್ಲ, ಮೈಲಿಗೆ ಎಂದು ಬೆಕ್ಕಿನ ನೆರಳಿಗೂ ಹಾರುವ ಮನುಷ್ಯ ಸಂಜೆ ಅವಲಕ್ಕಿ ತಟ್ಟೆಯಿಂದ ತಾವೊಂದು ಬಾಯಿ, ಅದಕ್ಕೊಂದು ಚಿಟಿಕೆ ಕೈಯಾರೆ ಕೊಡುತ್ತಾರೆ. ಕಚ್ಚುವುದೂ ಇಲ್ಲ. ಎದೆಯಲ್ಲಿ ಹೊಸ ಪುಕ್ಕ ಬಂದಿದೆ. ನಾನು ಕಾಫಿ ಹಿಡಿದು ಹೋದರೆ ಇಬ್ಬರೂ ಗಪ್‌ಚಿಪ್. ನನ್ನ ದನಿಯಲ್ಲಿ ಕೂಗುವುದನ್ನು ಅದು ಬಿಟ್ಟೇಬಿಟ್ಟಿದೆ. ಹೀಗೆ ನಿನ್ನನ್ನು ನನ್ನಿಂದ ಎರಡು ಸಲ ಕಿತ್ತುಕೊಂಡಂತಾಯಿತು.

ಈಗ ನಿನ್ನ ಪ್ರಶ್ನೆಗೆ ಉತ್ತರ. ಅವರನ್ನು ಕೇಳಬೇಕೆಂದು ಎರಡು ಸಲ ಬಾಯಿ ತೆರೆದೆ. ಒಂದು ಸಲ ಎಣ್ಣೆ ಮುಗಿದಿದೆ ಎಂದೆ, ಇನ್ನೊಂದು ಸಲ ಚಳಿ ಜಾಸ್ತಿಯಾಯಿತು ಎಂದೆ. ನಿಮ್ಮ ಅಮ್ಮನ ಧೈರ್ಯ ಇಷ್ಟೇ ಕಣೇ. ನೀನು ಬಾಗಿಲಿಗೆ ಬಂದು ಅವರು ಮುಖ ತಿರುಗಿಸಿದರೆ ನಿನಗೆ ಹೇಗೋ, ನನಗಂತೂ ತಡೆಯುವುದಿಲ್ಲ. ಆದ್ದರಿಂದ ಮನೆಗೆ ಬೇಡ. ಎರಡನೆಯ ತಾರೀಖು ನಿನ್ನ ರೈಲು ಮದ್ದೂರಿನಲ್ಲಿ ನಿಲ್ಲುತ್ತದಲ್ಲ, ನರಸಿಂಹಸ್ವಾಮಿಗೆ ಹರಕೆ ಎಂದು ಹೇಳಿ ದೇವಿರಮ್ಮನ ಜೊತೆ ಬಸ್ಸಿನಲ್ಲಿ ಬರುತ್ತೇನೆ. ಐದು ನಿಮಿಷವಾದರೂ ನಿಲ್ಲುತ್ತದಂತೆ. ಪ್ಲಾಟ್‌ಫಾರ್ಮಿನ ಕಡೆಯ ಕಿಟಕಿಯಲ್ಲಿ ಕೂತಿರು. ರೈಲು ನಿಲ್ಲುವವರೆಗೆ ತಲೆ ಹೊರಗೆ ಹಾಕಬೇಡ, ಕೈ ಮಾತ್ರ ಆಡಿಸು, ನನಗೆ ಗುರುತು ಸಿಗುತ್ತದೆ. ಚಕ್ಕುಲಿ, ಹುಳಿಯನ್ನದ ಗೊಜ್ಜು, ಒಂದು ಹೊದಿಕೆ ತರುತ್ತೇನೆ. ನಿನ್ನ ಮುಖ ಮುಟ್ಟಿ ನೋಡಬೇಕು, ಅಷ್ಟೇ. ಮೂರು ವರ್ಷಕ್ಕೆ ಐದು ನಿಮಿಷ ಸಾಲದು, ಆದರೆ ನನ್ನ ಕೈಲಾದದ್ದು ಅದೇ.

ದೇವಿರಮ್ಮ ನಿನ್ನನ್ನು ಕೇಳಿದ್ದಾಳೆ. ಹೋದಲ್ಲೆಲ್ಲ ನಿನಗೆ ಒಳ್ಳೆಯ ನೀರು, ಒಳ್ಳೆಯ ಜನ ಸಿಗಲಿ. ನಿನ್ನ ಕೈ ಸೋಕಿದವರ ನೋವು ಇಳಿಯಲಿ.

ನಿನ್ನ ಹಾದಿ ಕಾಯುವ
ಅಮ್ಮ ಸರಸಮ್ಮ

ಮತ್ತೆ: ಶುಕ್ರವಾರ ಬೆಳಿಗ್ಗೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ನೋಡಬೇಡ. ನಿಮ್ಮ ತಂದೆಯವರು ಟ್ರಾಲಿಯಲ್ಲಿ ಪವರ್ ಹೌಸಿಗೆ ಇಳಿದುಹೋಗಿ ಗಂಟೆಯಾಗಿತ್ತು. ಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಈ ಕಾಗದವನ್ನು ದೇವಿರಮ್ಮನಿಗೆ ಕೊಡಲೆಂದು ನಾನು ಗೇಟು ತೆಗೆದೆ. ಅದು ಕಿರುಗುಟ್ಟಿತು. ಪಡಸಾಲೆಯಿಂದ ಒಂದು ಕೆಮ್ಮು. ಆಮೇಲೆ ಅವರದೇ ದನಿ: "ಪಂಕೂ, ಬಂದ್ಯೇನಮ್ಮಾ?" ಓಡಿಹೋಗಿ ನೋಡಿದೆ. ಖಾಲಿ ಕುರ್ಚಿ, ಪಂಜರದಲ್ಲಿ ಗಿಳಿ. ನೀನು ಹೋದ ಮೇಲೆ ನಮ್ಮ ಮನೆಗೆ ಬಂದ ಗಿಳಿ ಪಂಕೂ. ಯಾರೂ ಹೇಳಿಕೊಡದೆ ಅದಕ್ಕೆ ಬರುವ ಮಾತಲ್ಲ ಅದು, ಒಂದು ಸಲ ಹೇಳಿದರೆ ಕಲಿಯುವಂಥದೂ ಅಲ್ಲ. ಮದ್ದೂರಿಗೆ ನಾನು ಬರುವುದಿಲ್ಲ. ನೀನೇ ಮನೆಗೆ ಬಾ, ಸಂಜೆ ಅವರು ಕುರ್ಚಿಯಲ್ಲಿ ಕೂತಿರುವ ಹೊತ್ತಿಗೆ ಬಾ. ಏನೂ ಹೇಳಬೇಡ. ಗೇಟು ತೆಗೆ, ಸಾಕು.