ಡಬ್ಬಿಯ ಮೇಲೆ ಬರೆದದ್ದು

ಗುಲ್ಬರ್ಗ, ಹಾಸ್ಟೆಲ್
೫-೧೨-೧೯೮೩

ಆಡಕಿಯಲ್ಲಿ ನನ್ನ ದಾರಿ ಕಾಯುವ ಅಜ್ಜಿಗೆ, ನನ್ನ ನಾನಿಗೆ, ಮೊಮ್ಮಗಳು ಕಮರುನ್ನೀಸಾಳ ಸಲಾಮು.

ಈ ಕಾಗದವನ್ನು ನಿನಗೆ ಓದಿ ಹೇಳುವವನು ಪಕ್ಕದ ಮನೆಯ ಟೇಲರ್ ಮಶಾಕ. ಒಂದು ಸಾಲನ್ನೂ ಬಿಡದೆ ಓದು ಎಂದು ಅವನಿಗೆ ಮೊದಲೇ ಹೇಳು. ಬಿಟ್ಟು ಓದಿದರೆ ಏನಾಗುತ್ತದೆ ಎಂಬುದನ್ನೇ ನಾನು ಬರೆಯಹೊರಟಿದ್ದೇನೆ.

ಅವನ ಕಾರ್ಡು ಶುಕ್ರವಾರ ಬಂತು. ನಿನ್ನ ಕಾಲಿನ ಹೆಬ್ಬೆರಳಿನ ಗಾಯ ಮಾಯುತ್ತಿಲ್ಲ, ಬೆರಳು ಕಪ್ಪಗಾಗಿದೆ, ಈ ತಿಂಗಳೊಳಗೆ ಮೈಯ ಸಕ್ಕರೆ ಇಳಿಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ ಎಂದು ಸೇಡಂ ಡಾಕ್ಟರು ಹೇಳಿದ್ದಾರಂತೆ. ಕೊನೆಗೆ ನೀನು ಹೇಳಿ ಬರೆಸಿದ ಮಾತು: "ಚಿಂತಿ ಮಾಡಬ್ಯಾಡ ಅನ್ನು. ಹಜ್‌ನ ಬಿಸ್ಕೂಟ ಬಿಟ್ಟಿಲ್ಲ, ಅದೇ ಮಾಯಸ್ತದ ಅನ್ನು." ಮೂರು ದಿನದಿಂದ ಕ್ಲಾಸಿಗೆ ಹೋಗುತ್ತೇನೆ, ಬರುತ್ತೇನೆ, ನೋಟ್ಸ್ ಬರೆದುಕೊಳ್ಳುತ್ತೇನೆ. ಏನು ಬರೆದೆನೆಂದು ತಿಳಿಯುವುದಿಲ್ಲ. ಐದನೆಯ ತರಗತಿಯಿಂದ ಹಾಸ್ಟೆಲಿನಲ್ಲೇ ಬೆಳೆದವಳು ನಾನು. ಇಂಗ್ಲಿಷ್ ಅರ್ಧ, ಕನ್ನಡ ಅರ್ಧ, ಧೈರ್ಯ ಅರ್ಧಕ್ಕಿಂತ ಕಡಿಮೆ.

ದಸರಾ ರಜೆಯಲ್ಲಿ ಗನಿಸಾಬ ಮಾಮಾ ಹಜ್ ಮುಗಿಸಿ ಬಂದಾಗ ನಾವೆಲ್ಲ ಹಾರ ಹಿಡಿದು ವಾಡಿ ಸ್ಟೇಷನ್ನಿಗೆ ಹೋಗಿದ್ದೆವು. ನೀನು ಮಗನ ಮುಖ ನೋಡುವ ಮೊದಲೇ ಅವನ ಕೈಗೆ ಮುತ್ತಿಟ್ಟೆ. ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದರೆ ಜಮ್‌ಜಮ್ ನೀರು, ಖರ್ಜೂರ, ತಸ್ಬಿ ಜಪಮಾಲೆ, ಅವುಗಳ ಜೊತೆ ಒಂದೇ ಬಿಳಿ ಬಟ್ಟೆಯಲ್ಲಿ ಸುತ್ತಿದ ಎರಡು ದೊಡ್ಡ ತಗಡಿನ ಡಬ್ಬಿ. ಚಾಕಲೇಟ್ ಚಿಪ್ ಕುಕೀಸ್. ಮೈತುಂಬ ಕಂದು ಚುಕ್ಕೆಯಿದ್ದ ಅಂಥ ಬಿಸ್ಕತ್ತನ್ನು ಆಡಕಿ ಕಂಡಿರಲಿಲ್ಲ. ನೀನು ಡಬ್ಬಿಯನ್ನು ಕಣ್ಣಿಗೆ ಒತ್ತಿಕೊಂಡೆ. ಅಲ್ಲಿಂದ ಬಂದದ್ದೆಲ್ಲ ತಬರುಕ್, ಪ್ರಸಾದವಿದ್ದಂತೆ. ಬೇಡ ಎನ್ನಬಾರದು, ಚೂರೂ ನೆಲಕ್ಕೆ ಬೀಳಬಾರದು. ಖರ್ಜೂರವನ್ನು ನೀನು ಊರಿಗೆಲ್ಲ ಹಂಚಿದೆ. ಡಬ್ಬಿಗಳು ನಿನ್ನ ಟ್ರಂಕು ಸೇರಿದವು. ಪ್ರತಿ ನಮಾಜಿನ ನಂತರ ಒಂದು, ದಿನಕ್ಕೆ ಐದು.

ಎರಡು ವರ್ಷದಿಂದ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳದವಳು ನೀನು. ಈದ್ ಹಬ್ಬದ ದಿನ ಶೀರ್‌ಖುರ್ಮಾ ಪಾಯಸದ ಬಟ್ಟಲನ್ನು ನಮ್ಮ ಕಡೆ ಸರಿಸಿ, ವಾಸನೆಗೇ ಹೊಟ್ಟೆ ತುಂಬಿತು ಎನ್ನುವವಳು. ಅದಕ್ಕೇ ನಿನಗೂ ಒಂದು ಅನುಮಾನವಿತ್ತು. ಒಂದು ಮಧ್ಯಾಹ್ನ ಡಬ್ಬಿಯನ್ನು ನನ್ನ ಮಡಿಲಲ್ಲಿಟ್ಟು, ಮೇಲೆ ಏನು ಬರೆದಿದ್ದಾರೆ ಓದು ಎಂದೆ. ನೀನು ತಲೆಯ ಮೇಲೆ ಸೆರಗು ಹೊದ್ದು ಕುಳಿತೆ. ನಿನ್ನನ್ನು ನೋಡಿ, ಅಲ್ಲೇ ಕುಳಿತಿದ್ದ ಮಶಾಕನೂ ತಲೆಗೆ ಕರವಸ್ತ್ರ ಹಾಕಿಕೊಂಡ. ಆದರೂ ಬಾಯಿ ಸುಮ್ಮನಿರಲಿಲ್ಲ. "ಕಾಲೇಜಿಗಿ ಹೋಗಿ ನಮ್ಮ ಕಮರು ಬಿಸ್ಕೂಟ ಓದಲಿಕ್ಕ ಕಲ್ತಾಳ" ಎಂದ.

ಮೊದಲು ಮೈದಾ ಎಂದಿತ್ತು, ಓದಿದೆ. ಎರಡನೆಯದೇ ಸಕ್ಕರೆ. ತಲೆಯೆತ್ತಿ ನೋಡಿದೆ. ನೀನು ದುವಾ ಕೇಳುವಂತೆ ಅಂಗೈ ತೆರೆದು ಕಣ್ಣು ಮುಚ್ಚಿದ್ದೆ. ನಾನು ಆ ಒಂದು ಪದವನ್ನು ದಾಟಿದೆ. ಚಾಕಲೇಟ್ ಚೂರುಗಳು, ಅದರೊಳಗೆ ಮತ್ತೆ ಸಕ್ಕರೆ, ಅದನ್ನೂ ದಾಟಿದೆ. ಎಣ್ಣೆ, ಉಪ್ಪು, ಸೋಡಾ, ನನಗೇ ಅರ್ಥವಾಗದ ಲೆಸಿಥಿನ್. ಕಾರ್ನ್ ಸಿರಪ್ ಎಂದರೇನು ಎಂದು ನೀನು ಕೇಳಿದೆ. ಗೋವಿನಜೋಳದ ಪಾಕ ಎಂದು ನಾನು ಹೇಳಿದೆ. ನಿನ್ನ ಮುಖ ಅರಳಿತು. "ಜ್ವಾಳ ಅದ ಅಂದ್ರ ನಮ್ಮ ರೊಟ್ಟಿ ಇದ್ದಂಗ. ಸಕ್ಕರಿ ಬರದಿಲ್ಲೇನ?"

"ಜರಾ ಸ್ವಲ್ಪ ಅದ, ನಾನಿ."

"ಜರಾ ಇದ್ರ ಇರಲಿ. ಅಲ್ಲಿಂದ ಬಂದದ್ದು ನನಗ ಕೆಟ್ಟ ಮಾಡ್ತದೇನ?"

ಮರುದಿನ ದವಾಖಾನೆಯಲ್ಲಿ ಡಾಕ್ಟರು ಏನೇನು ತಿನ್ನುತ್ತೀರಿ ಎಂದು ಕೇಳಿದರು. ಎರಡು ರೊಟ್ಟಿ, ಮೆಂತ್ಯದ ಪಲ್ಯ, ಸಪ್ಪೆ ಚಹಾ ಎಂದು ನೀನು ಬೆರಳು ಮಡಚಿ ಹೇಳಿದೆ. ಮತ್ತೇನಾದರೂ ಎಂದರು. "ಇನ್ನೇನ ತಿನ್ನಲಿರಿ ಸಾಹೇಬ್ರ, ಮುದುಕಿ" ಎಂದೆ. ನೀನು ಸುಳ್ಳು ಹೇಳಲಿಲ್ಲ ನಾನಿ. ನಿನ್ನ ಎಣಿಕೆಯಲ್ಲಿ ಆ ಬಿಸ್ಕತ್ತು ತಿನಿಸೇ ಅಲ್ಲ. ಸುಳ್ಳು ಹೇಳಿದವಳು ನಾನು, ಪಕ್ಕದಲ್ಲಿ ನಿಂತು, ಒಂದು ಮಾತೂ ಆಡದೆ.

ಹೋದ ವಾರ ಆಹಾರದ ಪಾಠದಲ್ಲಿ ನಮ್ಮ ಮೇಡಂ ಹೇಳಿದರು: ತೂಕದಲ್ಲಿ ಯಾವುದು ಹೆಚ್ಚೋ ಅದನ್ನೇ ಮೊದಲು ಬರೆಯುತ್ತಾರೆ. ಪ್ರಾಕ್ಟಿಕಲ್ ನೋಟಿನ ಹಿಂದೆ ಲೆಕ್ಕ ಹಾಕಿದೆ. ಒಂದೊಂದು ಬಿಸ್ಕತ್ತಿಗೆ ಹೆಚ್ಚುಕಡಿಮೆ ಒಂದು ಸಣ್ಣ ಚಮಚ ಸಕ್ಕರೆ, ದಿನಕ್ಕೆ ಐದು ಚಮಚ, ಮೇಲೆ ಮೈದಾ, ಎಣ್ಣೆ. ಆ ಜೋಳದ ಪಾಕವೂ ಸಕ್ಕರೆಯೇ. ತಪ್ಪಿರಲಿ ಎಂದು ನಾಲ್ಕು ಸಲ ಹಾಕಿದೆ. ನನ್ನ ಲೆಕ್ಕ ಯಾವಾಗಲೂ ತಪ್ಪುತ್ತದೆ. ಈ ಸಲ ತಪ್ಪಲಿಲ್ಲ. ಆಮೇಲೂ ನಿನಗೆ ಬರೆಯಲಿಲ್ಲ. ಪರೀಕ್ಷೆ ಮುಗಿಯಲಿ ಎಂದುಕೊಂಡೆ.

ನಿನ್ನೆ ಭಾನುವಾರ ಮಾಮಾ ನನ್ನನ್ನು ನೋಡಲು ಬಂದಿದ್ದ. ಆ ಡಬ್ಬಿ ಎಲ್ಲಿಯದು ಎಂದು ಕೇಳಿದೆ. ಬಹಳ ಹೊತ್ತು ಟೊಪ್ಪಿ ಸರಿಮಾಡಿಕೊಂಡ. "ಮಕ್ಕಾದ್ದಲ್ಲ, ಜಿದ್ದಾದಾಗ ಬಂದರದ ಅಂಗಡ್ಯಾಗ ತಗೊಂಡಿದ್ದ ಬೇಟಾ, ನಿಮ್ಮಂಥ ಹುಡುಗರಿಗಂತ. ಅಮ್ಮ ಕಣ್ಣಿಗಿ ಒತ್ಕೊಂಡ ಮ್ಯಾಲ ನಂಗ ಬಾಯಿ ಬರಲಿಲ್ಲ" ಎಂದ. ಅವನಿಗೆ ಬೈಯಬೇಡ. ಬೈಯುವುದಿದ್ದರೆ ನನ್ನಿಂದ ಶುರುಮಾಡು. ಒಬ್ಬ ಹಾಜಿ, ಒಬ್ಬಳು ಕಾಲೇಜಿನವಳು. ನಿನ್ನ ಸಂತೋಷ ಕೆಡಿಸಲು ಹೆದರಿ ಇಬ್ಬರೂ ಸೇರಿ ನಿನ್ನ ಬೆರಳನ್ನು ಇಲ್ಲಿಗೆ ತಂದೆವು.

ಇವತ್ತಿನಿಂದಲೇ ನಿಲ್ಲಿಸು. ಡಾಕ್ಟರಿಗೆ ಐದನ್ನೂ ಎಣಿಸಿ ಹೇಳು. ನಿನ್ನ ನಂಬಿಕೆ ತಪ್ಪೆನ್ನಲು ನಾನು ಯಾರೂ ಅಲ್ಲ. ಸಕ್ಕರೆ ಎಲ್ಲಿಂದ ಬಂದರೂ ಸಕ್ಕರೆ, ಅಷ್ಟೇ ನನಗೆ ಗೊತ್ತು.

ತಬರುಕ್ ಚೆಲ್ಲಲು ನಿನ್ನ ಕೈ ಬರುವುದಿಲ್ಲ. ಚೆಲ್ಲಬೇಡ. ಶನಿವಾರ ದಾರ, ಗುಂಡಿ ತರಲು ಮಶಾಕ ಇಲ್ಲಿಗೆ ಬರುತ್ತಾನಲ್ಲ, ಉಳಿದದ್ದನ್ನೆಲ್ಲ ಅವನ ಕೈಲಿ ಕಳಿಸು. ಇಲ್ಲಿ ನಾನು ನೆನಪಾದಾಗ ಮಾತ್ರ ನಮಾಜು ಮಾಡುತ್ತಿದ್ದೆ, ಅದನ್ನೂ ಹೇಳಿಬಿಡುತ್ತೇನೆ. ಇನ್ನು ಐದು ಹೊತ್ತೂ ಏಳುತ್ತೇನೆ. ಒಂದೊಂದು ನಮಾಜಿಗೆ ಒಂದೊಂದು, ನಿನ್ನ ಹೆಸರಿನಲ್ಲಿ ನಾನೇ ತಿನ್ನುತ್ತೇನೆ. ಚೂರೂ ನೆಲಕ್ಕೆ ಬೀಳದಂತೆ.

ನಿನ್ನ ಕಾಲಿನ ಹತ್ತೂ ಬೆರಳು ನಿನ್ನ ಜೊತೆಗೇ ಇರಲಿ ಎಂದು ಅಲ್ಲಾಹನಲ್ಲಿ ಬೇಡುವ,
ನಿನ್ನ ಕಮರು