ತಕ್ಕಡಿಯ ಕೆಳಗೆ ಕೂರುತ್ತಿದ್ದವರನ್ನು ನಮಗೆ ಕೊಡಿ

ಮಾನ್ಯ ಅಧಿಕಾರಿಗಳೇ,

ನಮ್ಮವರೊಬ್ಬರು ಶವಾಗಾರದಲ್ಲಿ ಮಲಗಿದ್ದಾರೆ. ಅವರನ್ನು ಮಣ್ಣು ಮಾಡಲು ನೀವು ಬಿಡುತ್ತಿಲ್ಲ. ನಿಮ್ಮ ಸಹಿಯಿಲ್ಲದೆ ಕೊಡಲಾಗದು ಎಂದು ಅಲ್ಲಿನವರು ಹೇಳುತ್ತಾರೆ. ರಕ್ತಸಂಬಂಧಿಗಳು ಬಾರದೆ ಸಹಿ ಆಗದು ಎಂದು ನಿಮ್ಮ ಕಚೇರಿಯವರು ಹೇಳುತ್ತಾರೆ. ಈ ವಾರ ಕಳೆದರೆ ವಾರಸುದಾರರಿಲ್ಲದ ಹೆಣವೆಂದು ನೀವೇ ವಿಲೇವಾರಿ ಮಾಡುತ್ತೀರಂತೆ. ವಿಲೇವಾರಿ ಎಂಬ ಮಾತನ್ನು ನಾನು ಇದುವರೆಗೆ ಕಸದ ವಿಷಯದಲ್ಲಿ ಮಾತ್ರ ಓದಿದ್ದೆ.

ನಾನು ಆರನೆಯ ಕ್ಲಾಸಿಗೆ ಶಾಲೆ ಬಿಟ್ಟವಳು. ಪೇಪರ್ ಓದಿ ಓದಿ ಕನ್ನಡ ಕಲಿತೆ. ಬರೆದದ್ದೆಲ್ಲ ಕುವೈಟಿಗೂ ಬಹ್ರೇನಿಗೂ ಹೋದ ನನ್ನವರಿಗೆ, ಕೊಂಕಣಿ ಮಾತನ್ನು ಕನ್ನಡ ಅಕ್ಷರದಲ್ಲಿ. ಆ ಕಾಗದಗಳಲ್ಲಿ ಮೊದಲು ಕೇಳುತ್ತಿದ್ದದ್ದು ಊಟದ ವಿಷಯ. ನೀವು ನನ್ನ ಮಗನ ಪ್ರಾಯದವರಿರಬಹುದು, ನಿಮ್ಮನ್ನೂ ಕೇಳುತ್ತೇನೆ, ಬೇಸರಿಸಬೇಡಿ. ಊಟವಾಯಿತೇ? ಉಣ್ಣುವ ಮೊದಲು ಕಾರ್ಡ್ ತೋರಿಸಿದಿರಾ?

ಬಂದರಿನ ಹಳೆಯ ಗೋದಾಮೊಂದರ ಜಗಲಿಯಲ್ಲಿ ನಾವು ಕೆಲವು ಹೆಂಗಸರು ಮಧ್ಯಾಹ್ನದ ಗಂಜಿ ಬಡಿಸುತ್ತಿದ್ದೆವು. ಅಕ್ಕಿ ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಮನೆಗಳಿಂದ, ತೆಂಗಿನಕಾಯಿ ಮತ್ತು ಹೆಸರುಕಾಳು ಸುಹರಾಳ ಕೇರಿಯಿಂದ. ಸುಹರಾ ಬ್ಯಾರಿ ಹೆಂಗಸು, ನನ್ನ ನೆರೆಯವಳು, ಒಲೆಯ ಮುಂದೆ ನನಗಿಂತ ಜೋರು. ಮನೆಯಿಲ್ಲದ ಗಂಡಸರು, ಕೆಲಸ ತಪ್ಪಿದ ಮನೆಗಳ ತಾಯಂದಿರು, ಮಕ್ಕಳು ಬರುತ್ತಿದ್ದರು. ಯಾರ ಹೆಸರನ್ನೂ ನಾವು ಕೇಳುತ್ತಿರಲಿಲ್ಲ.

ಅದಕ್ಕೊಂದು ಕಾರಣವಿದೆ. ನನ್ನ ತಾಯಿಮನೆಯಿಂದ ನಡೆದುಬಂದ ಕ್ರಮದಂತೆ, ಮನೆಯಲ್ಲಿ ಮದುವೆಯಿದ್ದಾಗ, ತೀರಿಹೋದ ಒಬ್ಬೊಬ್ಬರ ಲೆಕ್ಕದಲ್ಲಿ ಒಬ್ಬೊಬ್ಬ ಬಡವರನ್ನು ಮೊದಲು ಚಾಪೆಯ ಮೇಲೆ ಕೂರಿಸಿ ಉಣಿಸುತ್ತೇವೆ. ಉಣ್ಣುವಷ್ಟು ಹೊತ್ತು ಅವರೇ ನಮ್ಮ ಸತ್ತವರು. ಸ್ವಂತ ಅಪ್ಪ ಊಟಕ್ಕೆ ಬಂದು ಕೂತಾಗ ಹೆಸರು ಕೇಳುವ ಮಗಳು ಎಲ್ಲಿಯಾದರೂ ಉಂಟೇ? ಆ ಕ್ರಮವೇ ಗೋದಾಮಿನ ಜಗಲಿಗೂ ಬಂತು. ಸುಹರಾ ಸಹ ಅದನ್ನು ಒಪ್ಪಿಕೊಂಡಳು.

ಗೋದಾಮಿನ ತೊಲೆಯಿಂದ ತುಕ್ಕು ಹಿಡಿದ ದೊಡ್ಡ ತಕ್ಕಡಿಯೊಂದು ತೂಗಾಡುತ್ತದೆ. ಈಗ ಶವಾಗಾರದಲ್ಲಿರುವ ಈ ಮನುಷ್ಯ ಅದರ ಕೆಳಗೆ ಕೂರುತ್ತಿದ್ದರು, ಅವರನ್ನು ನಾವು ತಕ್ಕಡಿಯವರು ಎನ್ನುತ್ತಿದ್ದೆವು. ಘಟ್ಟದ ಮೇಲಿನ ಬಯಲುಸೀಮೆಯವರು, ಮಾತಿನಲ್ಲಿಯೇ ಗೊತ್ತಾಗುತ್ತಿತ್ತು. ನಮ್ಮ ಕುಚ್ಚಲಕ್ಕಿ ಅವರಿಗೆ ಹಿಡಿಸಲೇ ಇಲ್ಲ. "ಇದು ಅಕ್ಕೀನೋ ಗೋಲೀನೋ ಅವ್ವಾರ?" ಎಂದು ಕೇಳಿ, ಮತ್ತೆ ತಟ್ಟೆ ಬಳಿದು ಉಣ್ಣುವರು. ಒಂದು ದಿನ ಸುಹರಾ ಪತ್ತಿರಿ ಮಾಡಿ ತಂದಳು.

"ರೊಟ್ಟಿ ರೊಟ್ಟಿ ಅಂತ ದಿನಾ ಹೇಳ್ತೀರಲ್ಲ, ತಗೊಳ್ಳಿ. ಇದು ನಮ್ಮ ಅಕ್ಕಿರೊಟ್ಟಿ."

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ರೊಟ್ಟಿ ಅಲ್ಲಬೇ ತಂಗಿ, ರೊಟ್ಟಿ ಫೋಟೋ ಇದು."

"ಹಾಗಾದ್ರೆ ಗೋಡೆಗೆ ತೂಗಿಸಿ. ತಿನ್ನುದು ಬೇಡ."

ಕಳೆದ ವರ್ಷ ನನ್ನ ಮೊಮ್ಮಗಳು ರೀಮಾಳ ಮದುವೆಗೆ ಮೊದಲು ಅವರನ್ನು ಮನೆಗೆ ಕರೆದೆ. ತೀರಿಹೋದ ನನ್ನ ಗಂಡ ನೊರ್ಬರ್ಟನ ಲೆಕ್ಕದಲ್ಲಿ ಅವರನ್ನು ಕೂರಿಸಿದೆ. ಮೀನಿಲ್ಲದೆ ತುತ್ತು ಎತ್ತದಿದ್ದ ಮನುಷ್ಯ ನೊರ್ಬರ್ಟ್. ಇವರು ಎಲೆಯ ಮೇಲೆ ಕೈ ಅಡ್ಡ ಹಿಡಿದು, "ನಾ ಮೀನ ತಿನ್ನಂಗಿಲ್ರೀ ಅವ್ವಾರ. ನಿಮ್ಮ ಯಜಮಾನ್ರು ಸಿಟ್ಟಾಗ್ತಾರೇನು?" ಎಂದರು. ಮನೆಯವರೆಲ್ಲ ನಕ್ಕರು. ನಾನು ಮಾತ್ರ ಅಳುತ್ತ ಬಡಿಸಿದೆ. ಅವರು ತಲೆ ತಗ್ಗಿಸಿ, ಬೇರೆಯವರ ಬದಲಿಗೆ ಉಣ್ಣುವುದು ಜವಾಬ್ದಾರಿಯ ಕೆಲಸ ಎನ್ನುವ ಹಾಗೆ ನಿಧಾನವಾಗಿ ಉಂಡು ಎದ್ದರು.

ಆಮೇಲೆ ನಿಮ್ಮ ನೋಟೀಸು ಬಂತು. ರಸ್ತೆಬದಿಯ ಅನ್ನದಾನ ಅನಧಿಕೃತ. ಇನ್ನು ಮುಂದೆ ನೀವು ಒಪ್ಪಿದ ಸಭಾಂಗಣದಲ್ಲಿ ಮಾತ್ರ ಬಡಿಸಬೇಕು, ಉಣ್ಣುವವರ ಗುರುತುಚೀಟಿ ನೋಡಿ, ಫೋಟೋ ತೆಗೆದು ಒಳಗೆ ಬಿಡಬೇಕು, ದುರುಪಯೋಗ ತಡೆಯಲು. ಗಂಜಿಯನ್ನು ದುರುಪಯೋಗ ಮಾಡುವುದು ಹೇಗೆಂದು ನನಗೂ ಸುಹರಾಳಿಗೂ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಹೊಟ್ಟೆ ತುಂಬಿದವನು ಆಸೆಯಿಂದ ಬಂದು ಬಿಸಿಲಲ್ಲಿ ಸಾಲು ನಿಂತು ನೀರುಗಂಜಿ ಕದಿಯುತ್ತಾನೆಯೇ? ಹಾಗೆ ಕದ್ದರೆ ಅವನಿಗೆ ಚಟ್ನಿಯನ್ನೂ ಕೊಡಬೇಕು, ಪಾಪ.

ಆದರೂ ಹೋದೆವು. ಮಕ್ಕಳ ಊಟ ನಿಲ್ಲಬಾರದಲ್ಲ? ಮೊದಲ ದಿನ ಬಾಗಿಲಲ್ಲಿ ನಿಮ್ಮ ಸಿಬ್ಬಂದಿ ಮೇಜು ಹಾಕಿ ಕೂತಿದ್ದರು. ಮೀನು ಶುಚಿಮಾಡುವ ಕೆಲಸ ತಪ್ಪಿದ್ದ ತಾಯಿಯೊಬ್ಬಳು, ಫೋಟೋ ತೆಗೆಯಲು ಅವರು ಮೊಬೈಲು ಎತ್ತಿದ್ದು ಕಂಡು, ಮುಖಕ್ಕೆ ಸೆರಗು ಎಳೆದಳು. "ಮಗಳ ಶಾಲೆಯವರು ನೋಡಿದ್ರೆ ಎಂತ ಮಾಡುದು ಬಾಯಿ?" ಎಂದು ನನ್ನನ್ನು ಕೇಳಿ, ಖಾಲಿ ಪಾತ್ರೆಯೊಂದಿಗೆ ತಿರುಗಿದಳು. ಅವಳ ಹಿಂದೆ ತಕ್ಕಡಿಯವರು ನಿಂತಿದ್ದರು.

"ಕಾರ್ಡ್ ಉಂಟಾ?"

"ಇಲ್ರೀ."

"ಮತ್ತೆ ನೀವು ಯಾರಂತ ನಮಗೆ ಹೇಗೆ ಗೊತ್ತಾಗುದು ಮಾರಾಯ್ರೆ?"

"ಹಸದವ ಅಂತ ತಿಳೀರಿ."

ಮೇಜಿನವರು ಮುಂದಿನವರನ್ನು ಕರೆದರು. ಕಾರ್ಡಿಲ್ಲದವರಿಗೆ ಹೊರಗೆ ಎಲ್ಲಿಯಾದರೂ ಬಡಿಸಿದ್ದು ಕಂಡರೆ ಸಭಾಂಗಣದ ಪರವಾನಗಿಯೂ ರದ್ದು ಎಂದು ನಮಗೆ ಎಚ್ಚರಿಕೆ ಕೊಟ್ಟರು.

ಮರುದಿನ ಸುಹರಾ ಬುರ್ಖಾದ ಒಳಗೆ ಡಬ್ಬಿ ಅಡಗಿಸಿಕೊಂಡು ಗೋದಾಮಿಗೆ ಹೋದಳು. ಅವರು ತಕ್ಕಡಿಯ ಕೆಳಗೇ ಕೂತಿದ್ದರಂತೆ. ಡಬ್ಬಿ ತೆರೆಯಲಿಲ್ಲ. "ಒಯ್ಯ ತಂಗಿ. ನನ್ನ ಸಲುವಾಗಿ ಆ ಕೂಸುಗಳ ಅನ್ನ ಕಳೀಬ್ಯಾಡ," ಎಂದರಂತೆ. ಅದರ ಮರುದಿನವೂ ಅದೇ ಮಾತು. ಆಮೇಲಿನ ವಾರ ಗೋದಾಮಿನ ಕಾವಲುಗಾರ ಬಂದು ಸುದ್ದಿ ಹೇಳಿದ.

ಹಸಿವೆಯಿಂದ ಸತ್ತರೆಂದು ನಾನು ಹೇಳುವುದಿಲ್ಲ. ಡಾಕ್ಟರು ಜ್ವರ ಎಂದರು. ನನಗೆ ಡಾಕ್ಟರಷ್ಟು ತಿಳಿಯದು. ಪೊಲೀಸರು ಹೆಸರು ಕೇಳಿದಾಗ ಮಾತ್ರ ನಾನು ಸುಹರಾಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ಅಷ್ಟು ಕಾಲ ಉಣಿಸಿದ ನಮಗೆ ಅವರ ಹೆಸರು ಗೊತ್ತಿಲ್ಲ. ಮರ್ಯಾದೆಯೆಂದು ನಾವು ಕೇಳದೆ ಬಿಟ್ಟದ್ದು ಈಗ ಅವರನ್ನು ಮಣ್ಣಿನಿಂದಲೂ ದೂರ ಇಟ್ಟಿದೆ. ನಿಮ್ಮ ಕಚೇರಿಯ ಕಿಟಕಿಯಲ್ಲಿ ಕೂತವರು ಕೆಟ್ಟವರಲ್ಲ. ನನಗೆ ಕೂರಲು ಸ್ಟೂಲು ಕೊಟ್ಟರು, ನೀರು ಕೊಟ್ಟರು. ಆಮೇಲೆ, "ಬಾಯಿ, ನಿಮಗೂ ಅವರಿಗೂ ಸಂಬಂಧ ಎಂತ?" ಎಂದು ಕೇಳಿದರು. ನಾನು ನೀರು ಕುಡಿದು ಎದ್ದು ಬಂದೆ.

ಈಗ ಅವರು ಮಧ್ಯಾಹ್ನ ಬರುತ್ತಾರೆ. ದೆವ್ವ ಭೂತ ಎಂದು ನಗಬೇಡಿ. ನಾನು ತಟ್ಟೆಗೆ ಗಂಜಿ ಹಾಕಿಕೊಂಡು ಕೂತರೆ ಎದುರಿಗೆ ಯಾರೋ ಕಾಲು ಮಡಚಿ ಕೂತಂತಾಗುತ್ತದೆ. ತಲೆಯೆತ್ತಿದರೆ ಬರಿಯ ನೆಲ. ನೊರ್ಬರ್ಟನ ಮುಖ ನೆನೆಸಿಕೊಳ್ಳಲು ಹೋದರೆ ಎಲೆಯ ಮೇಲೆ ಅಡ್ಡ ಹಿಡಿದ ಆ ಕೈ ಬರುತ್ತದೆ. ಇಬ್ಬರನ್ನೂ ಬೇರೆಮಾಡಲು ನನ್ನಿಂದ ಆಗುತ್ತಿಲ್ಲ. ನನ್ನ ಗಂಡನ ಗೋರಿಗೆ ಹೂವಿಟ್ಟು ಬರುತ್ತೇನೆ. ಅವನ ಬದಲಿಗೆ ಉಂಡವರು ಐಸಿನಲ್ಲಿ ನಂಬರಾಗಿ ಮಲಗಿದ್ದಾರೆ.

ಅವರ ಚೀಲದಲ್ಲಿ ವಿಭೂತಿಯ ಗಟ್ಟಿಯೊಂದು ಸಿಕ್ಕಿದೆ. ಅದನ್ನು ನೋಡಿ, ಅವರ ಸೀಮೆಯಿಂದ ಬಂದು ಇಲ್ಲಿ ಕಟ್ಟಡ ಕೆಲಸ ಮಾಡುವವರು ತಮ್ಮ ಪದ್ಧತಿಯಂತೆ ಮಣ್ಣು ಮಾಡಿಕೊಡಲು ಒಪ್ಪಿದ್ದಾರೆ. ಜಾಗವೂ ಗೊತ್ತಾಗಿದೆ. ಬೇಕಾಗಿರುವುದು ನಿಮ್ಮ ಒಂದು ಸಹಿ. ಜೊತೆಗೆ, ಊಟದ ಬಾಗಿಲಿನ ಆ ಮೇಜನ್ನು ತೆಗೆಸಿ. ನಾಳೆ ಮಧ್ಯಾಹ್ನ ನಾನೂ ಸುಹರಾಳೂ ಶವಾಗಾರದ ಬಾಗಿಲಲ್ಲಿ ಇರುತ್ತೇವೆ. ಸಂಬಂಧ ಎಂತ ಎಂದು ನೀವು ನಿಮ್ಮವರಿಂದ ಇನ್ನೊಮ್ಮೆ ಕೇಳಿಸಬಹುದು, ಕೇಳಿಸಿ. ಮನೆಯವರು ಎಂದರೆ ಸುಳ್ಳಾಗುತ್ತದೆ ಎಂದು ಅವತ್ತು ಸುಮ್ಮನೆ ಎದ್ದು ಬಂದೆ. ಯಾರೂ ಅಲ್ಲ ಎಂದರೆ ಅದು ಇನ್ನೂ ದೊಡ್ಡ ಸುಳ್ಳು. ನಾಳೆ ನಾನು ಚಿಕ್ಕ ಸುಳ್ಳನ್ನೇ ಹೇಳುತ್ತೇನೆ. ನೀವು ಅದನ್ನು ನಂಬಿ ಸಹಿ ಹಾಕಿ.

ಇಂತಿ,
ಹೆಸರು, ಕಾರ್ಡು, ಫೋಟೋ ಮೂರೂ ಇರುವ ಕಾರಣ ಇನ್ನೂ ಉಣ್ಣಲು ಅರ್ಹಳಾಗಿರುವ
ಜೂಲಿ
ಬಂದರ್, ಮಂಗಳೂರು